ಸಾಕು ಅನ್ನಾವ

ಮೇ ತಿಂಗಳು. ನವನಗರದ ಕಾಲೇಜಿನ ಹಿಂದಿನ ಕೋಣೆ.
ಮೀನಿನ ನೀರಿಗೆ ಇಪ್ಪತ್ತೆಂಟು ಡಿಗ್ರಿ ಬೇಕು,
ಹೊರಗೆ ನಲವತ್ತೊಂದು.
ಕರೆಂಟು ಹೋದಾಗ ಐಸು ಚೀಲದಲ್ಲಿ ಕಟ್ಟಿ
ತೊಟ್ಟಿಯಲ್ಲಿ ತೇಲಿಬಿಡುತ್ತೇನೆ,
ಜ್ವರದ ಕೂಸಿನ ಹಣೆಗೆ ಒದ್ದೆ ಅರಿವೆ ಇಟ್ಟಂತೆ.

ಬೆರಳಿನ ಎರಡು ಗೆಣ್ಣಷ್ಟು ಉದ್ದದ ಮೀನು.
ಕಿವಿರಿನಿಂದ ಬಾಲದ ತುದಿಯವರೆಗೂ ನೀಲಿ ಪಟ್ಟೆ.
ಮಂಪರಿನ ನೀರಿನಲ್ಲಿ ಅದ್ದಿ, ಹಸಿ ಅರಳೆಯ ಮೇಲೆ ಮಲಗಿಸಿ
ಬಾಲದ ರೆಕ್ಕೆಗೆ ಬ್ಲೇಡು ಹಾಕುತ್ತೇನೆ.
ಪಿಪೆಟ್ಟಿನಿಂದ ಕಿವಿರಿಗೆ ನೀರು ಚಿಮುಕಿಸಿದರೆ
ಎದ್ದು, ಒಂದು ಸುತ್ತು ಓರೆಯಾಗಿ ಈಜಿ,
ಊಟ ಕೇಳಲು ಮೇಲೆ ಬರುತ್ತದೆ.

ಮೊದಲ ಸುದ್ದಿ ಕೂಡಲೇ ಹೊರಡುತ್ತದೆ.
ಗಾಯದ ಅಂಚಿನ ಕೋಶಗಳು ತಾವೇ ತಯಾರಿಸುವ ಪೆರಾಕ್ಸೈಡ್.
ಅದೇ, ಇಳಕಲ್ಲಿನ ಕಂಪೌಂಡರ್ ಸೀಸೆಯಿಂದ
ಗ್ಯಾನಪ್ಪ ಕಾಕಾನ ಕೈಮೇಲೆ ಸುರಿದಿದ್ದ,
ಬುಸುಬುಸು ನೊರೆ ಎದ್ದಿತ್ತು.
ಪವರ್‌ಲೂಮಿನ ಪಟ್ಟಾದಲ್ಲಿ ಸಿಕ್ಕ ಎರಡು ಬೆರಳು.
ಗಾಯ ಮಾಯಿತು. ಬೆರಳು ಬರಲಿಲ್ಲ.

ಮೀನಿಗೆ ಹನ್ನೆರಡು ತಾಸಿಗೆ ಚರ್ಮ ಮುಚ್ಚುತ್ತದೆ.
ಅದರಡಿ, ಎಲುಬು ಕಟ್ಟುತ್ತಿದ್ದ ಕೋಶಗಳು
ಕಸುಬು ಬಿಟ್ಟು ಮೆತ್ತಗಾಗಿ
ಹುಡುಗರಂತೆ ಗುಂಪುಗೂಡುತ್ತವೆ.
ಮನೆತನ ಮಾತ್ರ ಮರೆಯುವುದಿಲ್ಲ:
ಎಲುಬಿನದು ಎಲುಬಿಗೇ, ಬಣ್ಣದ್ದು ಬಣ್ಣಕ್ಕೇ ಮರಳುತ್ತದೆ.
ಮೇಲಿನ ಚರ್ಮ ಕೆಳಗಿನವಕ್ಕೆ ಹೇಳಿ ಕಳಿಸುತ್ತದೆ,
ಕೆಳಗಿನವು ಮೇಲಕ್ಕೆ. ಎಲ್ಲ ಅಣುಗಳ ಮಾತು,
ನೀರಿನಲ್ಲಿ ಬೆಲ್ಲ ಕರಗಿದಂತೆ ಹರಡುವುದು:
ಹತ್ತಿರದವರಿಗೆ ಸಿಹಿ, ದೂರದವರಿಗೆ ಸಪ್ಪೆ.
ಎಷ್ಟು ಸಿಹಿ ತಾಗಿತೋ ಅದರ ಮೇಲೆ
ತಾನೆಲ್ಲಿ ನಿಂತಿದ್ದೇನೆಂದು ಕೋಶಕ್ಕೆ ತಿಳಿಯುತ್ತದೆ.

ದೊಡ್ಡವ್ವ ಸಕ್ರವ್ವನಿಗೆ ಇದನ್ನೆಲ್ಲ ಹೇಳಿದೆ.
"ಇದರಾಗ ಏನೈತವಾ, ಕೊಂಡಿ ಹಾಕೂದಲ್ಲೇನ?"
ಒಡಲಿನ ಒಂದೊಂದು ಎಳೆಯ ಕೊಂಡಿಗೆ
ಸೆರಗಿನ ಕೆಂಪು ರೇಷ್ಮೆಯ ಒಂದೊಂದು ಎಳೆ ಸಿಕ್ಕಿಸುತ್ತಾ,
ತಲೆ ಎತ್ತದೆ:
"ಒಂದ್ ಎಳಿ ತಪ್ಪಿದ್ರ ತೋಪತೆನಿ ಪೂರಾ ಸೊಟ್ಟ.
ಕೈಗೆ ಗೊತ್ತಿರತದ. ಕಣ್ಣು ಸುಮ್ಮ ಕುಂತಿರತಾವ."

(ಊರನ್ನೂ ಹೀಗೇ ಕತ್ತರಿಸಿದ್ದರು, ಹಿನ್ನೀರು ಬಂದಾಗ.
ಬಾಗಲಕೋಟೆ ಮತ್ತೆ ಬೆಳೆಯಿತು, ಗುಡ್ಡದ ಕಡೆ, ಅಗಲವಾಗಿ.
ಆದರೆ ಓಣಿಗೆ ಓಣಿ ಚಿಗುರಲಿಲ್ಲ,
ಸೆಕ್ಟರಿನ ನಂಬರು ಚಿಗುರಿತು.)

ನನ್ನ ನಿದ್ದೆ ಕೆಡಿಸಿದ್ದು ಬೇರೆ.
ಒಂದು ಮೀನಿಗೆ ತುದಿಯಷ್ಟೇ ಕತ್ತರಿಸಿದೆ,
ಇನ್ನೊಂದಕ್ಕೆ ಬುಡದ ಹತ್ತಿರ.
ಹೆಚ್ಚು ಕಳೆದುಕೊಂಡದ್ದು ಓಡಿತು,
ಕಡಿಮೆ ಕಳೆದುಕೊಂಡದ್ದು ನಡೆಯಿತು,
ಎರಡೂ ಹೆಚ್ಚುಕಡಿಮೆ ಒಂದೇ ವಾರ ಮನೆ ಮುಟ್ಟಿದವು.
ಪಟ್ಟೆ ಪಟ್ಟೆಗೆ ಕೂಡಿತ್ತು.
ಆಮೇಲೆ ನಿಂತವು.

ಕಾಕಾ ಸಂತೆಗೆಂದು ಬಂದವನು ಕೋಣೆಗೂ ಬಂದ.
ಸೂಕ್ಷ್ಮದರ್ಶಕಕ್ಕೆ ಬಗ್ಗಿ, ಮೂರು ಬೆರಳಿನಲ್ಲಿ ತಿರುವು ತಿರುಗಿಸುತ್ತಾ
ಬಹಳ ಹೊತ್ತು ನೋಡಿದ.
"ಬೆಳಿ ಅಂತ ಹೇಳಾವ ಇದ್ದಾನು, ಖರೆ.
ಸಾಕು ಅಂತ ಹೇಳಾವ ಯಾಂವ?"

ಅವನೂ ಇದ್ದಾನೆ ಕಾಕಾ, ಕೋಶದೊಳಗಿನ ಒಬ್ಬ ಕಾವಲುಗಾರ.
ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ನುಂಗುವ ಗುಳಿಗೆಯುಂಟು,
ಅದನ್ನು ನೀರಿಗೆ ಬೆರೆಸಿದರೆ ಅವನಿಗೆ ತೂಕಡಿಕೆ.
ಆ ಮೂಲೆಯ ತೊಟ್ಟಿ ನೋಡು:
ರೆಕ್ಕೆ ಬೆಳೆದು, ಇನ್ನೂ ಬೆಳೆದು,
ಮದುವಣಗಿತ್ತಿಯ ಸೆರಗಿನಂತೆ ಹಿಂದೆ ಎಳೆದಾಡುತ್ತಿದೆ,
ತಿರುವಿನಲ್ಲಿ ಮೀನು ತಾನೇ ತನಗೆ ಅಡ್ಡಿ.

ಅವನು ಬೆರಳ ಮೋಟುಗಳನ್ನು ಒಂದಕ್ಕೊಂದು ಉಜ್ಜಿಕೊಂಡ.
"ನನ್ನ ಕೈಯಾಗ ಸಾಕು ಅನ್ನಾವ
ಭಾಳ ಲಗೂನ ಬಂದಬಿಟ್ಟಾನ ನೋಡವಾ."

ಕರೆಂಟು ಹೋಯಿತು. ಪಂಪು ನಿಂತ ಸದ್ದು.
ನಾನು ಏಳುವ ಮೊದಲೇ ಅವನು ಐಸಿನ ಚೀಲ ಎತ್ತಿಕೊಂಡು
ಮೂಲೆಯ ತೊಟ್ಟಿಗೇ ಮೊದಲು ಹೋದ,
ಉದ್ದ ಬಾಲ ಸಿಕ್ಕದಂತೆ ಜರುಗಿಸಿ, ಮೆಲ್ಲಗೆ ಇಳಿಬಿಟ್ಟ.